ತುಂಬಿಹೋದ ಸಿ ಡ್ರೈವ್ ಅನ್ನು ತೆರವುಗೊಳಿಸಿದ ಬಗೆ

ನಮ್ಮ ಮನೆಯ ಕಂಪ್ಯೂಟರನ್ನು ವಿಂಡೋಸ್ 10ರಿಂದ 11ಕ್ಕೆ ಏರಿಸಲು ಹೊರಟಾಗ ಎದುರಾದ ಅಡ್ಡಿ ಒಂದೇ: ಸಿ ಡ್ರೈವ್‌ನಲ್ಲಿ ಜಾಗವಿರಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಈ ಕೆಲಸವನ್ನು ಇನ್ನೂ ಮುಂದೂಡುವಂತಿರಲಿಲ್ಲ. ಪ್ರೊಸೆಸರ್ ಅರ್ಹವಾಗಿತ್ತು, ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಚಿಪ್ ಇತ್ತು, 16 ಜಿಬಿ ಮೆಮೊರಿಯೂ ಇತ್ತು. ಆದರೆ ಅಪ್‌ಗ್ರೇಡ್ ಒಂದಷ್ಟು ದೂರ ಸಾಗಿ, 80070070 ಎಂದು ಕೊನೆಗೊಳ್ಳುವ ದೋಷಸಂಖ್ಯೆಯನ್ನು ತೋರಿಸಿ ನಿಂತುಬಿಡುತ್ತಿತ್ತು. ಈ ಸಂಖ್ಯೆ ಕಂಡವರು ಬೇರೆ ಕಾರಣ ಹುಡುಕಬೇಕಿಲ್ಲ. ಡಿಸ್ಕ್ ತುಂಬಿದೆ ಎಂಬುದೇ ಅದರ ಅರ್ಥ. ಕೆಲಸ ಈಗಷ್ಟೇ ಮುಗಿದಿದೆ. ಎಲ್ಲೆಲ್ಲಿ ಕಾಯಬೇಕಾಯಿತು, ಯಾವುದನ್ನು ಮುಟ್ಟಬಾರದು, ಯಾವುದು ನಿಜವಾಗಿ ಜಾಗ ಬಿಟ್ಟುಕೊಟ್ಟಿತು ಎಂಬುದನ್ನು ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಮೊದಲು ಡ್ರೈವ್‌ನ ಅಳತೆಯ ಬಗ್ಗೆ ಒಂದು ಮಾತು. ನಮ್ಮದು 256 ಜಿಬಿಯ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್), ಆದರೆ ವಿಂಡೋಸ್ ತೋರಿಸುವುದು ಸುಮಾರು 238 ಜಿಬಿ. ಉಳಿದ 18 ಜಿಬಿಯನ್ನು ಏನೋ ನುಂಗಿದೆ ಎಂದುಕೊಂಡು ಅದನ್ನು ಹುಡುಕುತ್ತಾ ಕೂರುವವರಿದ್ದಾರೆ. ವಾಸ್ತವದಲ್ಲಿ ಏನೂ ಕಳೆದಿರುವುದಿಲ್ಲ. ತಯಾರಕರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ; ವಿಂಡೋಸ್ 1024ನ್ನು ಮೂರು ಬಾರಿ ಗುಣಿಸಿದ ಸಂಖ್ಯೆಯನ್ನು, ಅಂದರೆ 107 ಕೋಟಿಗೂ ಹೆಚ್ಚು ಬೈಟ್‌ಗಳನ್ನು ಒಂದು ಜಿಬಿ ಎನ್ನುತ್ತದೆ. ಒಂದು ಟಿಬಿಯ ಡ್ರೈವ್ 931 ಜಿಬಿ ಎಂದು ಕಾಣುವುದೂ ಇದೇ ಕಾರಣಕ್ಕೆ. ನಾನು ತೆರವುಗೊಳಿಸಬೇಕಾಗಿದ್ದುದು ಆ 238ರೊಳಗಿನ ಜಾಗವನ್ನು, ಮತ್ತು ಅದರಲ್ಲಿ ಖಾಲಿ ಉಳಿದಿದ್ದುದು 4 ಜಿಬಿಗಿಂತ ಕಡಿಮೆ.

ಖಾಲಿ ಜಾಗ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಯಾದಾಗ ವಿಂಡೋಸ್ ಡ್ರೈವ್‌ನ ಪಟ್ಟಿಯನ್ನು ಕೆಂಪಾಗಿಸುತ್ತದೆ. ನಮ್ಮ ಮನೆಯಲ್ಲಿ ಆ ಕೆಂಪು ಪಟ್ಟಿ ಎಷ್ಟೋ ಕಾಲದಿಂದ ಇದ್ದು, ಎಲ್ಲರ ಕಣ್ಣಿಗೂ ಒಗ್ಗಿಹೋಗಿತ್ತು. ಆದರೆ ಅದರ ಪರಿಣಾಮಗಳು ಬೇರೆ ರೂಪದಲ್ಲಿ ಬರುತ್ತಿದ್ದವು. ಮೆಮೊರಿ ಸಾಲದಾದಾಗ ವಿಂಡೋಸ್ ಡಿಸ್ಕ್‌ನ ಮೇಲಿನ ಪೇಜ್‌ಫೈಲ್ ಎಂಬ ಕಡತವನ್ನು ಆಸರೆಯಾಗಿ ಬಳಸುತ್ತದೆ. ಅದು ಬೆಳೆಯಲು ಜಾಗವಿಲ್ಲದೆ ತಂತ್ರಾಂಶಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಬರೆಯುತ್ತಿದ್ದ ದಾಖಲೆಯನ್ನು ಉಳಿಸಲು ಹೋದರೆ ಸಾಧ್ಯವಿಲ್ಲ ಎಂಬ ಸಂದೇಶ ಬರುತ್ತಿತ್ತು. ಎಸ್‌ಎಸ್‌ಡಿ ಹಳೆಯ ಅಂಶಗಳನ್ನು ಒಳಗೊಳಗೇ ಸರಿಸಿ ಹೊಸ ಬರವಣಿಗೆಗೆ ಜಾಗ ಹೊಂದಿಸಿಕೊಳ್ಳಬೇಕಾಗುವುದರಿಂದ, ಅಂಚಿನವರೆಗೆ ತುಂಬಿದಾಗ ಅದರ ವೇಗವೂ ಕುಗ್ಗುತ್ತದೆ. ಕಂಪ್ಯೂಟರ್ ಹಳೆಯದಾಯಿತು, ಹೊಸದು ಕೊಳ್ಳಬೇಕು ಎಂದು ಮನೆಯಲ್ಲಿ ಮಾತು ಶುರುವಾಗಿದ್ದುದಕ್ಕೆ ಬಹುಮಟ್ಟಿಗೆ ಇದೇ ಕಾರಣವಾಗಿತ್ತು.

ಸಲಹೆಗಳು ಎಲ್ಲ ಕಡೆಯಿಂದಲೂ ಬಂದವು. ಫೋಟೋಗಳನ್ನು ತೆಗೆದುಹಾಕಿ ಎಂದರು ಕೆಲವರು; ಎಲ್ಲವನ್ನೂ ಅಳಿಸಿ ವಿಂಡೋಸ್ ಅನ್ನು ಹೊಸದಾಗಿ ಹಾಕಿ ಎಂದರು ಇನ್ನು ಕೆಲವರು; ಒಂದೇ ಒತ್ತಿಗೆ ಸ್ವಚ್ಛ ಮಾಡುವುದಾಗಿ ಹೇಳಿಕೊಳ್ಳುವ ತಂತ್ರಾಂಶಗಳ ಹೆಸರನ್ನೂ ಕೊಟ್ಟರು. ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ: ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ಅಳೆಯುವವರೆಗೆ ಒಂದೇ ಒಂದು ಕಡತವನ್ನೂ ಅಳಿಸುವುದಿಲ್ಲ. ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ನಿರ್ಧಾರವೇ, ಏಕೆಂದರೆ ಜಾಗ ಎಲ್ಲಿ ಹೋಗಿದೆ ಎಂಬ ನಮ್ಮೆಲ್ಲರ ಊಹೆಯೂ ತಪ್ಪಾಗಿತ್ತು.

ಅಳತೆಗೆ ವಿಂಡೋಸ್‌ನಲ್ಲೇ ಒಂದು ವ್ಯವಸ್ಥೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್ ತೆರೆದರೆ ತಂತ್ರಾಂಶಗಳು, ತಾತ್ಕಾಲಿಕ ಕಡತಗಳು, ಚಿತ್ರಗಳು, ದಾಖಲೆಗಳು ಎಂಬ ವಿಭಾಗಗಳು ಕಾಣುತ್ತವೆ. ತುಂಬಿದ ಡ್ರೈವ್‌ನಲ್ಲಿ ಈ ಲೆಕ್ಕ ಮುಗಿಯಲು ತುಂಬ ಹೊತ್ತು ಕಾಯಬೇಕಾಗುತ್ತದೆ. ಸಂಖ್ಯೆಗಳು ಬದಲಾಗುತ್ತಲೇ ಇರುತ್ತವೆ, ಅವು ಸ್ಥಿರವಾಗುವವರೆಗೆ ನಂಬಬಾರದು. ನಮ್ಮಲ್ಲಿ ಎಲ್ಲ ವಿಭಾಗಗಳಿಗಿಂತ ದೊಡ್ಡದಾಗಿ ಕಂಡದ್ದು ಇತರೆ ಎಂಬುದು, ಮತ್ತು ಅದರೊಳಗೆ ಏನಿದೆ ಎಂಬುದು ಅಲ್ಲಿಂದ ಸ್ಪಷ್ಟವಾಗಲಿಲ್ಲ. ಆದ್ದರಿಂದ ವಿಜ್‌ಟ್ರೀ ಎಂಬ ತಂತ್ರಾಂಶವನ್ನು ಬಳಸಿದೆ. ವಿನ್‌ಡರ್‌ಸ್ಟಾಟ್ ಎಂಬ ಮುಕ್ತ ತಂತ್ರಾಂಶವೂ ಇದೇ ಕೆಲಸ ಮಾಡುತ್ತದೆ. ವಿಜ್‌ಟ್ರೀ ಒಂದೊಂದೇ ಫೋಲ್ಡರ್ ತೆರೆದು ನೋಡದೆ, ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನ) ಡ್ರೈವ್‌ನ ಎಲ್ಲ ಕಡತಗಳ ವಿವರವಿರುವ ಮುಖ್ಯ ಪಟ್ಟಿಯನ್ನೇ ನೇರವಾಗಿ ಓದುವುದರಿಂದ ಕೆಲವೇ ಕ್ಷಣಗಳಲ್ಲಿ ಲೆಕ್ಕ ಕೊಡುತ್ತದೆ. ಇಂತಹ ಯಾವ ತಂತ್ರಾಂಶವನ್ನಾದರೂ ಅಡ್ಮಿನಿಸ್ಟ್ರೇಟರ್ ಅನುಮತಿಯೊಂದಿಗೆ ತೆರೆಯಬೇಕು. ಇಲ್ಲವಾದರೆ ಮನೆಯ ಇತರರ ಖಾತೆಗಳಲ್ಲಿರುವುದೂ ವ್ಯವಸ್ಥೆಯ ಕೆಲವು ಭಾಗಗಳೂ ಲೆಕ್ಕಕ್ಕೆ ಬರುವುದಿಲ್ಲ.

ಪರದೆಯ ಮೇಲೆ ಇಡೀ ಡ್ರೈವ್, ಒಂದು ಊರಿನ ಹೊಲಗಳ ನಕ್ಷೆಯಂತೆ, ಬೇರೆಬೇರೆ ಗಾತ್ರದ ಚೌಕಗಳಾಗಿ ಹರಡಿಕೊಂಡಿತು. ಅತಿ ದೊಡ್ಡ ಚೌಕ ಒಂದು ಫೋನ್‌ನ ಬ್ಯಾಕಪ್: ನಲವತ್ತು ಜಿಬಿಗೂ ಹೆಚ್ಚು. ಆ ಫೋನ್ ನಮ್ಮ ಬಳಿ ಈಗ ಇಲ್ಲವೇ ಇಲ್ಲ. ಅದನ್ನು ಕಂಪ್ಯೂಟರ್‌ಗೆ ಜೋಡಿಸಿದಾಗಲೆಲ್ಲ ಫೋನಿನ ತಂತ್ರಾಂಶ ಪ್ರತಿಯನ್ನು ಇಟ್ಟುಕೊಳ್ಳುತ್ತಾ ಬಂದಿತ್ತು. ಸಾಮಾನ್ಯವಾಗಿ ಕಣ್ಣಿಗೆ ಬೀಳದ ಆ್ಯಪ್‌ಡೇಟಾ ಫೋಲ್ಡರ್‌ನೊಳಗೆ ಅದು ಉಳಿದುಹೋಗಿತ್ತು. ಎರಡನೆಯದು ವಿಡಿಯೋ ಎಡಿಟಿಂಗ್ ತಂತ್ರಾಂಶವೊಂದರ ಕ್ಯಾಶ್. ಎಂದೋ ಮುಗಿದ ವಿಡಿಯೋಗಳಿಗಾಗಿ ಅದು ಸಿದ್ಧಪಡಿಸಿಕೊಂಡಿದ್ದ ಮಧ್ಯಂತರ ಕಡತಗಳು ಇಪ್ಪತ್ತೈದು ಜಿಬಿಯಷ್ಟು ಹಾಗೆಯೇ ಇದ್ದವು. ಆಮೇಲೆ ತೊಂದರೆಯಾದರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ರಿಸ್ಟೋರ್ ಪಾಯಿಂಟ್‌ಗಳು, ಹೈಬರ್ನೇಷನ್ ಕಡತ, ಮಗಳ ಖಾತೆಯಲ್ಲಿದ್ದ ಆಟಗಳು ಮತ್ತು ವಿಡಿಯೋಗಳು. ಅಪ್ಪನ ಸ್ಕ್ಯಾನ್ ಮಾಡಿದ ದಾಖಲೆಗಳು, ಎಲ್ಲರ ಅಂಕಪಟ್ಟಿಗಳು, ಪತ್ರಗಳು ಎಲ್ಲ ಸೇರಿ ಮೂರು ಜಿಬಿಯೂ ಇರಲಿಲ್ಲ. ಜಾಗವಿಲ್ಲದ್ದಕ್ಕೆ ತಮ್ಮ ಕಾಗದಪತ್ರಗಳೇ ಕಾರಣವೆಂದು ಅಪ್ಪ ನಂಬಿದ್ದರು ಮತ್ತು ಅವುಗಳಲ್ಲಿ ಯಾವುದನ್ನು ಬಿಟ್ಟುಕೊಡುವುದೆಂದು ಚಿಂತಿಸುತ್ತಿದ್ದರು. ಆ ನಕ್ಷೆಯನ್ನು ತೋರಿಸಿದಾಗ ಅವರ ಮುಖದಲ್ಲಿ ಕಂಡ ನಿರಾಳ ನನಗೂ ಧೈರ್ಯ ಕೊಟ್ಟಿತು.

ಆದರೂ ಅಳಿಸುವ ಕೆಲಸ ಅಂದೇ ಶುರುವಾಗಲಿಲ್ಲ. ಮೊದಲು ಬ್ಯಾಕಪ್ ಆಗಬೇಕಿತ್ತು. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ಗಳಲ್ಲಿ ಅಳಿಸಿದ ಕಡತವನ್ನು ಹಲವೊಮ್ಮೆ ಮರಳಿ ಪಡೆಯಲು ಸಾಧ್ಯವಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಏರ್ಪಾಡಿನಿಂದಾಗಿ ಅಳಿಸಿದ ಭಾಗವನ್ನು ಡ್ರೈವ್ ಬೇಗನೆ ಖಾಲಿ ಮಾಡಿಬಿಡುವುದರಿಂದ ಆ ಸಾಧ್ಯತೆ ಬಹಳ ಕಡಿಮೆ. ಹಾಗಾಗಿ ಎಸ್‌ಎಸ್‌ಡಿ ಇರುವವರು ರಿಸೈಕಲ್ ಬಿನ್ ಖಾಲಿ ಮಾಡಿದ ಮೇಲೆ ರಿಕವರಿ ತಂತ್ರಾಂಶಗಳನ್ನು ನಂಬಿ ಕೂರಬಾರದು. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಮನೆಯಲ್ಲಿತ್ತು. ಅದರಲ್ಲಿ ಸಾಕಷ್ಟು ಜಾಗವೂ ಇತ್ತು. ಇಷ್ಟು ಸಿದ್ಧತೆ ಇದ್ದರೆ ಒಂದು ಸಂಜೆಯ ಕೆಲಸ ಎನಿಸಿತ್ತು. ಆದರೆ ತೊಡಕುಗಳು ಒಂದರ ಹಿಂದೆ ಒಂದರಂತೆ ಬಂದದ್ದು ಇಲ್ಲಿಯೇ.

ಮೊದಲನೆಯ ತೊಡಕು: ಚಿಕ್ಕ ಕಡತಗಳೆಲ್ಲ ನಕಲಾದವು, ದೊಡ್ಡ ವಿಡಿಯೋಗಳು ಮಾತ್ರ ಆಗಲಿಲ್ಲ. ನೂರಾರು ಜಿಬಿ ಖಾಲಿಯಿದ್ದರೂ ಕಡತ ತೀರಾ ದೊಡ್ಡದಾಗಿದೆ ಎಂಬ ಸಂದೇಶ ಬರುತ್ತಿತ್ತು. ಆ ಡಿಸ್ಕ್ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದು, ಆ ವಿಧಾನದಲ್ಲಿ ಯಾವುದೇ ಒಂದು ಕಡತ 4 ಜಿಬಿಗಿಂತ ದೊಡ್ಡದಾಗಿರುವಂತಿಲ್ಲ. ಇದಕ್ಕೆ ಎರಡು ದಾರಿಗಳಿವೆ. ಡಿಸ್ಕ್ ಖಾಲಿಯಿದ್ದರೆ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಆಗಿ ಹೊಸದಾಗಿ ಫಾರ್ಮ್ಯಾಟ್ ಮಾಡಬಹುದು. ಒಳಗೆ ಬೇಕಾದದ್ದು ಇದ್ದರೆ ವಿಂಡೋಸ್‌ನ ಕನ್ವರ್ಟ್ ಎಂಬ ಕಮಾಂಡ್ ಅದನ್ನು ಉಳಿಸಿಕೊಂಡೇ ಎನ್‌ಟಿಎಫ್‌ಎಸ್ ಆಗಿ ಬದಲಾಯಿಸುತ್ತದೆ. ಕನ್ವರ್ಟ್ ಮಾಡಿದ ಮೇಲೆ ಹಿಂದಿರುಗುವ ದಾರಿಯಿಲ್ಲ, ನಡುವೆ ವಿದ್ಯುತ್ ಹೋಗುವಂತೆಯೂ ಇಲ್ಲ. ನಮ್ಮ ಡಿಸ್ಕ್‌ನಲ್ಲಿ ಹಳೆಯದೇನೋ ಇದ್ದುದರಿಂದ ಮುಖ್ಯವಾದುದನ್ನು ಪೆನ್‌ಡ್ರೈವ್‌ಗೆ ತೆಗೆದಿಟ್ಟು ನಂತರ ಕನ್ವರ್ಟ್ ಮಾಡಿದೆ.

ಎರಡನೆಯದು ವೇಗ. ನಕಲು ಮುಗಿಯಲು ಬಾಕಿಯಿರುವ ಸಮಯ ಗಂಟೆಗಟ್ಟಲೆ ಎಂದು ತೋರಿಸುತ್ತಾ, ಮತ್ತೆ ಮತ್ತೆ ಏರುತ್ತಿತ್ತು. ಕಂಪ್ಯೂಟರ್‌ನ ಮುಂಭಾಗದಲ್ಲಿ ಕೈಗೆ ಸಿಗುತ್ತಿದ್ದುದು ಯುಎಸ್‌ಬಿ 2 ಪೋರ್ಟ್. ಅದರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಹಿಂಭಾಗದಲ್ಲಿ ಒಳಗೆ ನೀಲಿ ಬಣ್ಣವಿದ್ದ ಯುಎಸ್‌ಬಿ 3 ಪೋರ್ಟ್‌ನ ಗರಿಷ್ಠ ವೇಗ ಸೆಕೆಂಡಿಗೆ 5 ಗಿಗಾಬಿಟ್, ಅಂದರೆ ಹತ್ತು ಪಟ್ಟು. ಡಿಸ್ಕನ್ನು ಅಲ್ಲಿಗೆ ಬದಲಾಯಿಸಿದಾಗ ದೊಡ್ಡ ವಿಡಿಯೋಗಳು ಸರಸರನೆ ಸಾಗಿದವು. ಆದರೆ ಸಾವಿರಾರು ಸಣ್ಣ ಕಡತಗಳಿರುವ ಫೋಲ್ಡರ್ ಯಾವ ಪೋರ್ಟ್‌ನಲ್ಲೂ ನಿಧಾನವೇ, ಏಕೆಂದರೆ ಪ್ರತಿ ಕಡತಕ್ಕೂ ಪ್ರತ್ಯೇಕವಾಗಿ ನಮೂದು ಬರೆಯಬೇಕಾಗುತ್ತದೆ. ರಾತ್ರಿಯಿಡೀ ನಕಲಿಗೆ ಬಿಡುವವರು ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು ನಿಲ್ಲಿಸಿಯೇ ಮಲಗಬೇಕು. ಕಂಪ್ಯೂಟರ್ ನಿದ್ರೆಗೆ ಜಾರಿದರೆ ನಕಲೂ ಅಲ್ಲಿಗೇ ನಿಲ್ಲುತ್ತದೆ.

ಮೂರನೆಯ ತೊಡಕನ್ನು ನಾನು ಮೊದಲ ಬಾರಿಗೆ ಕಂಡೆ. ಹಿಂದಿನ ಕಂಪ್ಯೂಟರ್‌ನಿಂದ ತಂದ ಬ್ಯಾಕಪ್, ಅದರೊಳಗೆ ಅದಕ್ಕೂ ಹಿಂದಿನ ಬ್ಯಾಕಪ್, ಹೀಗೆ ಫೋಲ್ಡರ್‌ನೊಳಗೆ ಫೋಲ್ಡರ್ ಸೇರಿಕೊಂಡಿದ್ದ ಒಂದು ಭಾಗ ನಕಲಾಗಲೂ ಒಪ್ಪಲಿಲ್ಲ, ಅಳಿಯಲೂ ಒಪ್ಪಲಿಲ್ಲ. ವಿಂಡೋಸ್‌ನಲ್ಲಿ ಒಂದು ಕಡತದ ಪೂರ್ಣ ವಿಳಾಸಕ್ಕೆ, ಅಂದರೆ ಡ್ರೈವ್‌ನಿಂದ ಹಿಡಿದು ಕಡತದ ಹೆಸರಿನವರೆಗಿನ ಉದ್ದಕ್ಕೆ, ಬಹುಕಾಲದಿಂದ 260 ಅಕ್ಷರಗಳ ಮಿತಿಯಿದೆ. ಮೇಲಿನ ಫೋಲ್ಡರ್‌ಗಳ ಉದ್ದುದ್ದ ಹೆಸರುಗಳನ್ನು ಒಂದೊಂದು ಅಕ್ಷರಕ್ಕೆ ಇಳಿಸಿದಾಗ ವಿಳಾಸ ಚಿಕ್ಕದಾಯಿತು, ಕಡತಗಳೂ ಚಲಿಸಿದವು. ಇದಕ್ಕೆಂದು ಬೇರೆ ತಂತ್ರಾಂಶ ಹುಡುಕುವ ಮೊದಲು ಈ ಸರಳ ಉಪಾಯವನ್ನು ಮಾಡಿ ನೋಡಿ.

ನಕಲು ಮುಗಿಯಿತು ಎಂದ ಮಾತ್ರಕ್ಕೆ ಬ್ಯಾಕಪ್ ಆಯಿತು ಎಂದಲ್ಲ. ಎರಡೂ ಕಡೆಯ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಹೊಂದಿದರೆ ಸಾಕು ಎಂದು ಹಲವರು ಹೇಳುತ್ತಾರೆ. ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಫ್ರೀಫೈಲ್‌ಸಿಂಕ್ ಎಂಬ ತಂತ್ರಾಂಶದಲ್ಲಿ ಎರಡು ಫೋಲ್ಡರ್‌ಗಳನ್ನು ಹೆಸರು ಮತ್ತು ದಿನಾಂಕದಿಂದ ಮಾತ್ರವಲ್ಲದೆ ಒಳಗಿನ ಅಂಶದಿಂದಲೂ ಹೋಲಿಸುವ ಆಯ್ಕೆಯಿದೆ. ಅದು ಪ್ರತಿ ಕಡತವನ್ನೂ ಎರಡೂ ಕಡೆ ಪೂರ್ತಿ ಓದುವುದರಿಂದ ನಕಲು ಮಾಡಿದಷ್ಟೇ ಹೊತ್ತು ಮತ್ತೆ ಕಾಯಬೇಕಾಯಿತು. ಇಡೀ ಕೆಲಸದಲ್ಲಿ ಅತ್ಯಂತ ಬೇಸರ ತರಿಸಿದ ಕಾಯುವಿಕೆ ಇದೇ, ಏಕೆಂದರೆ ಇಷ್ಟು ಮಾಡಿದರೂ ಸಿ ಡ್ರೈವ್‌ನಲ್ಲಿ ಒಂದು ಎಂಬಿಯೂ ಖಾಲಿಯಾಗಿರಲಿಲ್ಲ. ಆದರೂ ಇದನ್ನು ಬಿಡಬೇಡಿ ಎಂದೇ ಹೇಳುತ್ತೇನೆ. ಹೋಲಿಕೆಯಲ್ಲಿ ಬೆರಳೆಣಿಕೆಯಷ್ಟು ವಿಡಿಯೋಗಳು ಅಪೂರ್ಣವಾಗಿ ನಕಲಾಗಿದ್ದುದು ಗೊತ್ತಾಯಿತು. ಅವುಗಳಲ್ಲಿ ಅಮ್ಮ ಹಾಡಿದ್ದ ಒಂದು ವಿಡಿಯೋವೂ ಇತ್ತು. ಮತ್ತೆ ನಕಲು ಮಾಡಿ, ಅದನ್ನು ಕೊನೆಯವರೆಗೂ ಕೇಳಿ, ನಂತರವೇ ಮುಂದಕ್ಕೆ ಹೋದೆ.

ಮನೆಯ ಕಂಪ್ಯೂಟರ್ ಒಬ್ಬರದಲ್ಲವಾದ್ದರಿಂದ ಇನ್ನೊಂದು ಹಂತವೂ ಇತ್ತು: ಎಲ್ಲರನ್ನೂ ಕೇಳುವುದು. ನನ್ನ ಕಣ್ಣಿಗೆ ಕಸವಾಗಿ ಕಂಡದ್ದು ಇನ್ನೊಬ್ಬರಿಗೆ ಬೇಕಾಗಿರುತ್ತದೆ. ದೊಡ್ಡ ಫೋಲ್ಡರ್‌ಗಳ ಪಟ್ಟಿ ಮಾಡಿ, ಒಂದೊಂದರ ಮುಂದೆ ಯಾರದು, ಎಷ್ಟು, ಏನು ಮಾಡಬೇಕು ಎಂದು ಬರೆದುಕೊಂಡೆ. ಮಗಳ ಖಾತೆಯಲ್ಲಿದ್ದ ಆಟಗಳ ಬಗ್ಗೆ ಕೇಳಿದಾಗ ಅವಳು, “ಆಟ ತೆಗಿಯಪ್ಪ, ಬೇಕಾದ್ರೆ ಮತ್ತೆ ಡೌನ್‌ಲೋಡ್ ಮಾಡ್ಕೋತೀನಿ, ಸೇವ್ ಫೈಲ್ ಮಾತ್ರ ಮುಟ್ಬೇಡ” ಎಂದಳು. ಅವಳ ಮಾತಿನಲ್ಲಿ ಇಡೀ ಕೆಲಸದ ಅಳತೆಗೋಲು ಇತ್ತು. ಮತ್ತೆ ಪಡೆಯಬಹುದಾದದ್ದು ಎಷ್ಟೇ ದೊಡ್ಡದಿರಲಿ ಹೋಗಬಹುದು. ಮತ್ತೆ ಸಿಗದದ್ದು ಎಷ್ಟೇ ಚಿಕ್ಕದಿರಲಿ ಉಳಿಯಬೇಕು. ನನ್ನ ಪಟ್ಟಿಗೆ ಮತ್ತೆ ಸಿಗುತ್ತದೆಯೇ ಎಂಬ ಇನ್ನೊಂದು ಕಾಲಂ ಸೇರಿಸಿದೆ. ಅಂದಹಾಗೆ, ಕೆಲವು ಆಟಗಳು, ಆಟ ಎಲ್ಲಿಯವರೆಗೆ ಸಾಗಿದೆ ಎಂದು ದಾಖಲಿಸುವ ಸೇವ್ ಕಡತಗಳನ್ನು ಆಟದ ಫೋಲ್ಡರ್‌ನಲ್ಲಿಡದೆ ಡಾಕ್ಯುಮೆಂಟ್ಸ್ ಅಥವಾ ಆ್ಯಪ್‌ಡೇಟಾದಲ್ಲಿ ಇಡುತ್ತವೆ. ಆಟ ತೆಗೆಯುವ ಮೊದಲು ಅದನ್ನು ಹುಡುಕಿ ನಕಲು ಮಾಡಿಕೊಳ್ಳಿ.

ಇಷ್ಟಾದ ಮೇಲೆ ಅಳಿಸಲು ಕುಳಿತೆ. ಫೋನ್‌ನ ಬ್ಯಾಕಪ್ಪನ್ನು ಫೋಲ್ಡರ್ ತೆರೆದು ಅಳಿಸದೆ, ಅದನ್ನು ಮಾಡಿದ ತಂತ್ರಾಂಶದ ಒಳಗಿನಿಂದಲೇ ತೆಗೆದೆ. ಹಾಗೆ ಮಾಡಿದರೆ ತಂತ್ರಾಂಶದ ಲೆಕ್ಕವೂ ಡಿಸ್ಕ್‌ನ ಲೆಕ್ಕವೂ ಹೊಂದಿಕೊಂಡಿರುತ್ತವೆ. ವಿಡಿಯೋ ಎಡಿಟಿಂಗ್ ಕ್ಯಾಶ್‌ಗೂ ಇದೇ ಕ್ರಮ. ಆ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಕ್ಯಾಶ್ ಖಾಲಿ ಮಾಡುವ ಗುಂಡಿಯಿತ್ತು, ಅದರ ಗಾತ್ರಕ್ಕೆ ಮಿತಿ ಹಾಕುವ ಅವಕಾಶವೂ ಇತ್ತು. ಈ ಎರಡರಿಂದಲೇ ಅರವತ್ತೈದು ಜಿಬಿಯಷ್ಟು ಜಾಗ ದೊರೆಯಿತು. ಕೆಂಪು ಪಟ್ಟಿ ನೀಲಿಯಾದದ್ದನ್ನು ಕಂಡು ಮನಸ್ಸಿಗೆ ಬಹಳ ಹಗುರವೆನಿಸಿತು.

ಆಮೇಲೆ ಸ್ಟೋರೇಜ್‌ನ ತಾತ್ಕಾಲಿಕ ಕಡತಗಳ ಪಟ್ಟಿ. ಥಂಬ್‌ನೇಲ್‌ಗಳು, ದೋಷ ವರದಿಗಳು, ಅಪ್‌ಡೇಟ್‌ಗಳ ಉಳಿಕೆ ಇವುಗಳನ್ನು ಯೋಚಿಸದೆ ತೆಗೆಯಬಹುದು. ಆದರೆ ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. ಅದನ್ನು ಗುರುತು ಮಾಡಿದರೆ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿರುವುದೆಲ್ಲ ಹೋಗುತ್ತದೆ, ಮತ್ತು ಬಹಳ ಮನೆಗಳಲ್ಲಿ ಮುಖ್ಯ ದಾಖಲೆಗಳು ಮಿಂಚಂಚೆಯಿಂದ ಇಳಿದು ಅಲ್ಲಿಯೇ ಉಳಿದಿರುತ್ತವೆ. ನಮ್ಮಲ್ಲೂ ವಿಮೆಯ ಪತ್ರಗಳು, ವೈದ್ಯಕೀಯ ವರದಿಗಳು ಅಲ್ಲಿದ್ದವು. ಆ ಫೋಲ್ಡರನ್ನು ಗಾತ್ರದ ಕ್ರಮದಲ್ಲಿ ಜೋಡಿಸಿ ಕೈಯಾರೆ ನೋಡುವುದೇ ಸರಿ. ದೊಡ್ಡವೆಲ್ಲ ತಂತ್ರಾಂಶಗಳ ಇನ್‌ಸ್ಟಾಲರ್‌ಗಳಾಗಿದ್ದು, ಅವುಗಳನ್ನು ತೆಗೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಹೈಬರ್ನೇಷನ್ ಕಡತದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕಂಪ್ಯೂಟರ್ ಹೈಬರ್ನೇಟ್ ಆಗುವಾಗ, ಅಂದರೆ ತೆರೆದ ಕೆಲಸವನ್ನು ಉಳಿಸಿಕೊಂಡು ಪೂರ್ತಿ ಆರುವಾಗ, ಮೆಮೊರಿಯಲ್ಲಿರುವುದನ್ನು ಬರೆದಿಡಲು ವಿಂಡೋಸ್ ಒಂದು ಕಡತವನ್ನು ಕಾದಿರಿಸುತ್ತದೆ. ಅದರ ಗಾತ್ರ ಸಾಮಾನ್ಯವಾಗಿ ಮೆಮೊರಿಯ ಶೇ. 40. ನಮ್ಮ 16 ಜಿಬಿಗೆ ಅದು 6.4 ಜಿಬಿ. ಅದನ್ನು ನೇರವಾಗಿ ಅಳಿಸಲು ಬರುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಪವರ್‌ಸಿಎಫ್‌ಜಿ (powercfg) ಆದೇಶದಿಂದ ಹೈಬರ್ನೇಷನ್ನನ್ನು ಆಫ್ ಮಾಡಿದರೆ ಕಡತ ತಾನಾಗಿಯೇ ಹೋಗುತ್ತದೆ. ಆದರೆ ಜೊತೆಗೆ ಕಂಪ್ಯೂಟರನ್ನು ಬೇಗ ಶುರುಮಾಡುವ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ, ಏಕೆಂದರೆ ಅದೂ ಇದೇ ಕಡತವನ್ನು ಅವಲಂಬಿಸಿದೆ. ಲ್ಯಾಪ್‌ಟಾಪ್ ಇರುವವರು, ಬ್ಯಾಟರಿ ಮುಗಿಯುವ ಹೊತ್ತಿಗೆ ಕೆಲಸ ಉಳಿಯಬೇಕೆಂದು ಬಯಸುವವರು ಇದನ್ನು ಮಾಡದಿರುವುದೇ ಒಳ್ಳೆಯದು. ನಮ್ಮದು ಮೇಜಿನ ಮೇಲಿನ ಕಂಪ್ಯೂಟರ್ ಆದ್ದರಿಂದ ನಾನು ಆಫ್ ಮಾಡಿದೆ.

ರಿಸ್ಟೋರ್ ಪಾಯಿಂಟ್‌ಗಳಿಗೆ ಡ್ರೈವ್‌ನ ಶೇ. 10ರಷ್ಟು, ಅಂದರೆ 24 ಜಿಬಿಯಷ್ಟು ಮಿತಿ ನಿಗದಿಯಾಗಿತ್ತು, ಮತ್ತು ಅದು ಬಹುತೇಕ ತುಂಬಿತ್ತು. ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ಕಾನ್ಫಿಗರ್ ಒತ್ತಿ ಮಿತಿಯನ್ನು ಶೇ. 4ಕ್ಕೆ ಇಳಿಸಿದಾಗ ಹಳೆಯವು ಹೋಗಿ ಇತ್ತೀಚಿನವು ಉಳಿದವು. ಪೂರ್ತಿ ಆಫ್ ಮಾಡುವುದು ಬೇಡ. ಅಪ್‌ಗ್ರೇಡ್‌ನಂತಹ ದೊಡ್ಡ ಬದಲಾವಣೆಯ ಮೊದಲು ಒಂದು ರಿಸ್ಟೋರ್ ಪಾಯಿಂಟ್ ಆದರೂ ಇರಲಿ.

ಮುಟ್ಟಬಾರದವುಗಳ ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ನಕ್ಷೆಯಲ್ಲಿ ಅವು ದೊಡ್ಡದಾಗಿ ಕಂಡು ಆಸೆ ಹುಟ್ಟಿಸುತ್ತವೆ. ವಿಂಡೋಸ್ ಫೋಲ್ಡರ್‌ನೊಳಗಿನ ವಿನ್‌ಎಸ್‌ಎಕ್ಸ್‌ಎಸ್ ಅಂತಹದು. ಅದರ ಗಾತ್ರ ಭಯ ಹುಟ್ಟಿಸುವಷ್ಟಿದ್ದರೂ, ಅದರಲ್ಲಿರುವ ಅನೇಕ ಕಡತಗಳು ವ್ಯವಸ್ಥೆಯ ಬೇರೆ ಫೋಲ್ಡರ್‌ಗಳಲ್ಲಿಯೂ ಕಾಣುವ ಅದೇ ಕಡತಗಳು. ಹಾರ್ಡ್ ಲಿಂಕ್ ಎಂಬ ವ್ಯವಸ್ಥೆಯಿಂದಾಗಿ ಒಂದೇ ಕಡತ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಅದರೊಳಗಿನ ಹಳೆಯ ಅಪ್‌ಡೇಟ್‌ಗಳ ಉಳಿಕೆಯನ್ನು ತೆಗೆಯಲು ಡಿಸ್ಕ್ ಕ್ಲೀನಪ್ ತೆರೆದು ಸಿಸ್ಟಮ್ ಕಡತಗಳನ್ನು ಸ್ವಚ್ಛಗೊಳಿಸುವ ಆಯ್ಕೆಯನ್ನು ಒತ್ತಬೇಕು. ಕೈಯಿಂದ ಒಂದು ಕಡತವನ್ನೂ ತೆಗೆಯಬಾರದು. ವಿಂಡೋಸ್‌ನೊಳಗಿನ ಇನ್‌ಸ್ಟಾಲರ್ ಫೋಲ್ಡರ್ ಕೂಡ ಹಾಗೆಯೇ: ಹೆಸರು ನೋಡಿದರೆ ಹಳೆಯ ಇನ್‌ಸ್ಟಾಲರ್‌ಗಳ ಗುಡ್ಡೆ ಎನಿಸುತ್ತದೆ, ಆದರೆ ತಂತ್ರಾಂಶಗಳನ್ನು ಮುಂದೆ ಅಪ್‌ಡೇಟ್ ಮಾಡಲು, ದುರಸ್ತಿ ಮಾಡಲು, ತೆಗೆದುಹಾಕಲು ಅದು ಬೇಕೇ ಬೇಕು. ಒಂದೇ ಒತ್ತಿಗೆ ಸ್ವಚ್ಛ ಮಾಡುವ ತಂತ್ರಾಂಶಗಳನ್ನು ನಾನು ಹಾಕದಿರಲು ಮುಖ್ಯ ಕಾರಣ ಇದು. ಅವು ಏನನ್ನು ಏಕೆ ತೆಗೆಯುತ್ತಿವೆ ಎಂಬುದನ್ನು ನಮಗೆ ತಿಳಿಯಗೊಡುವುದಿಲ್ಲ.

ಹೆಚ್ಚು ಹೊತ್ತು ಹಿಡಿದು ಕಡಿಮೆ ಜಾಗ ಕೊಟ್ಟದ್ದು ಫೋಟೋಗಳು. ಒಂದೇ ಚಿತ್ರ ಹಲವು ಫೋಲ್ಡರ್‌ಗಳಲ್ಲಿರುವುದು ಗೊತ್ತಿತ್ತು. ನಕಲು ಹುಡುಕುವ ತಂತ್ರಾಂಶಗಳು ಕಡತದ ಒಳಗಿನ ಅಂಶವನ್ನು ಹೋಲಿಸಿ ಒಂದೇ ರೀತಿಯವುಗಳನ್ನು ತೋರಿಸುತ್ತವೆ. ಹೆಸರು ಒಂದೇ ಎಂಬ ಕಾರಣಕ್ಕೆ ನಂಬಬಾರದು, ಏಕೆಂದರೆ ಬೇರೆ ಬೇರೆ ಕ್ಯಾಮೆರಾಗಳು ಬೇರೆ ಚಿತ್ರಗಳಿಗೆ ಅದೇ ಹೆಸರು ಕೊಡುತ್ತವೆ. ವಾಟ್ಸ್‌ಆ್ಯಪ್ ಮೂಲಕ ಬಂದ ಚಿತ್ರ ಕುಗ್ಗಿ ಬಂದಿರುವುದರಿಂದ ಮೂಲ ಚಿತ್ರಕ್ಕೆ ತದ್ರೂಪವಾಗಿರುವುದಿಲ್ಲ, ತೆಗೆದ ದಿನಾಂಕದ ವಿವರವೂ ಅದರಲ್ಲಿ ಉಳಿದಿರುವುದಿಲ್ಲ. ಮೂಲ ನಮ್ಮ ಬಳಿ ಇದ್ದರೆ ವಾಟ್ಸ್‌ಆ್ಯಪ್‌ನ ಪ್ರತಿಯನ್ನು ತೆಗೆಯಬಹುದು. ಇಲ್ಲದಿದ್ದರೆ ಅದೇ ಆ ಚಿತ್ರದ ಏಕೈಕ ಪ್ರತಿ. ಈ ಒಂದು ವಿಷಯಕ್ಕಾಗಿ ನಾನು ಚಿತ್ರಗಳನ್ನು ಒಂದೊಂದಾಗಿ ನೋಡಿದೆ, ಮತ್ತು ಈಗ ನಮ್ಮೊಂದಿಗಿಲ್ಲದವರ ಮುಖ ಬಂದಾಗಲೆಲ್ಲ ಕೆಲಸ ನಿಂತಿತು. ಸಮಯದ ಒತ್ತಡವಿರುವವರು ಫೋಟೋಗಳನ್ನು ಕೊನೆಗೆ ಇಟ್ಟುಕೊಂಡು ವಿಡಿಯೋಗಳಿಂದ ಆರಂಭಿಸಲಿ. 4ಕೆ ವಿಡಿಯೋ ಒಂದು ನಿಮಿಷಕ್ಕೇ ನೂರಾರು ಎಂಬಿ ಹಿಡಿಯುತ್ತದೆ. ಜೇಬಿನಲ್ಲಿ ತಾನಾಗಿಯೇ ರೆಕಾರ್ಡ್ ಆದ ಒಂದು ಕತ್ತಲೆಯ ವಿಡಿಯೋ ತೆಗೆದರೆ ನೂರು ಫೋಟೋ ತೆಗೆದಷ್ಟು ಜಾಗ ಸಿಗುತ್ತದೆ. ಫೋಟೋಗಳನ್ನು ಜಿಪ್ ಮಾಡಿಡುವುದರಿಂದ ಪ್ರಯೋಜನವಿಲ್ಲ, ಜೆಪೆಗ್ ಚಿತ್ರಗಳು ಮೊದಲೇ ಕುಗ್ಗಿಸಿದವು.

ಕ್ಲೌಡ್‌ಗೆ ಸೇರಿಸಿ ಇಲ್ಲಿ ಅಳಿಸಿದರಾಯಿತು ಎಂಬ ಸಲಹೆಯನ್ನು ಎಚ್ಚರದಿಂದ ಕೇಳಬೇಕು. ಒನ್‌ಡ್ರೈವ್‌ನಂತಹ ಸೇವೆಗಳಲ್ಲಿ ಕಂಪ್ಯೂಟರ್‌ನ ಫೋಲ್ಡರ್ ಮತ್ತು ಕ್ಲೌಡ್ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಜಾಗ ಮಾತ್ರ ತೆರವಾಗಬೇಕಾದರೆ ಕಡತದ ಮೇಲೆ ಬಲಗುಂಡಿ ಒತ್ತಿ ಫ್ರೀ ಅಪ್ ಸ್ಪೇಸ್ ಆಯ್ಕೆ ಮಾಡಬೇಕು. ಆಗ ಕಡತದ ಹೆಸರಿನ ಪಕ್ಕ ಮೋಡದ ಚಿಹ್ನೆ ಬರುತ್ತದೆ, ಅಂಶ ಕ್ಲೌಡ್‌ನಲ್ಲಿ ಉಳಿಯುತ್ತದೆ, ತೆರೆದಾಗ ಮತ್ತೆ ಇಳಿಯುತ್ತದೆ. ಅಪ್ಪನ ದಾಖಲೆಗಳಿಗೆ ನಾನು ಇದನ್ನು ಮಾಡಲಿಲ್ಲ. ಇಂಟರ್ನೆಟ್ ಇಲ್ಲದಾಗಲೂ ಅವು ತೆರೆಯಬೇಕು.

ಒಟ್ಟು ನೂರು ಜಿಬಿಗಿಂತ ಹೆಚ್ಚು ಜಾಗ ತೆರವಾದ ಮೇಲೆ ಅಪ್‌ಗ್ರೇಡ್‌ಗೆ ಕೈಹಾಕಿದೆ. ಈ ಬಾರಿ ಯಾವ ದೋಷಸಂಖ್ಯೆಯೂ ಬರಲಿಲ್ಲ. ಆದರೆ ಮುಗಿದ ಮೇಲೆ ನೋಡಿದರೆ ಖಾಲಿ ಜಾಗ ಮತ್ತೆ ಗಣನೀಯವಾಗಿ ಇಳಿದಿತ್ತು. ಹಳೆಯ ವಿಂಡೋಸ್‌ಗೆ ಹಿಂದಿರುಗಬೇಕೆನಿಸಿದರೆ ಇರಲಿ ಎಂದು ಅದನ್ನು ವಿಂಡೋಸ್.ಓಲ್ಡ್ ಎಂಬ ಫೋಲ್ಡರ್‌ನಲ್ಲಿ ಉಳಿಸಿರಲಾಗುತ್ತದೆ. 10 ದಿನಗಳ ನಂತರ ಅದು ತಾನಾಗಿಯೇ ಹೋಗುತ್ತದೆ. ಪ್ರಿಂಟರ್, ಸ್ಕ್ಯಾನರ್, ಧ್ವನಿ ಎಲ್ಲ ಸರಿಯಾಗಿವೆಯೇ ಎಂದು ಪರೀಕ್ಷಿಸುವವರೆಗೆ ಅದನ್ನು ಅವಸರದಿಂದ ತೆಗೆಯಬೇಡಿ. ಬೇಡದ ಕಡತಗಳನ್ನು ತಾನಾಗಿಯೇ ತೆಗೆಯುವ ಸ್ಟೋರೇಜ್ ಸೆನ್ಸ್ ಅನ್ನು ಈಗ ಆನ್ ಮಾಡಿದ್ದೇನೆ, ಡೌನ್‌ಲೋಡ್ಸ್‌ನ ಆಯ್ಕೆಯನ್ನು ನೆವರ್ ಎಂದೇ ಇಟ್ಟಿದ್ದೇನೆ. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರುವುದು ಈಗ ಹಲವು ಕಡತಗಳ ಏಕೈಕ ಪ್ರತಿಯಾಗಿರುವುದರಿಂದ ಅದರ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕ್‌ಗೆ ಮಾಡುತ್ತಿದ್ದೇನೆ. ಅದು ಅಕ್ಕನ ಮನೆಯಲ್ಲಿರುತ್ತದೆ. ಇನ್ನು 128 ಜಿಬಿಯ ಡ್ರೈವ್ ಇರುವವರಿಗೆ: ಇಷ್ಟೆಲ್ಲ ಮಾಡಿದರೂ ಅಪ್‌ಗ್ರೇಡ್‌ಗೆ ಜಾಗ ಸಾಲದೆ ಹೋದರೆ, ತಾತ್ಕಾಲಿಕ ಕಡತಗಳನ್ನು ಹೊರಗಿನ ಡ್ರೈವ್‌ನಲ್ಲಿ ಇಟ್ಟುಕೊಳ್ಳಲು ವಿಂಡೋಸ್ ಅಪ್‌ಡೇಟ್ ಅವಕಾಶ ಕೇಳುತ್ತದೆ, ಕನಿಷ್ಠ 16 ಜಿಬಿಯ ಖಾಲಿ ಪೆನ್‌ಡ್ರೈವ್ ಒಂದನ್ನು ಸಿದ್ಧವಾಗಿಟ್ಟುಕೊಂಡು, ಅಪ್‌ಗ್ರೇಡ್ ಪೂರ್ತಿಯಾಗುವವರೆಗೆ ಅದನ್ನು ತೆಗೆಯದೆ ಹಾಗೆಯೇ ಬಿಡಿ.